ನಾವಿಕನ ನಿರಪರಾಧ ಮತ್ತು ರಕ್ಷಣೆಯ ಧರ್ಮ

ಯುದ್ಧ ಮತ್ತು ಧರ್ಮಗಳ ಸಂಬಂಧವನ್ನು ವಿಚಾರಿಸಿದ ಪರಂಪರೆಗಳೆಲ್ಲ ಎದುರಿಸಿದ ಪ್ರಶ್ನೆಯೊಂದಿದೆ: ಒಬ್ಬನ ಅಪರಾಧಕ್ಕೆ ಮತ್ತೊಬ್ಬನನ್ನು ದಂಡಿಸುವುದು ಎಂದಾದರೂ ನ್ಯಾಯವಾದೀತೇ? ಇರಾನಿನ ಶಸ್ತ್ರಾಸ್ತ್ರ ಮತ್ತು ತರಬೇತಿಯ ಬೆಂಬಲವುಳ್ಳ ಯೆಮನ್ನಿನ ಹೂಥಿ ಬಂಡುಕೋರರು 2023ರ ನವೆಂಬರಿನಿಂದ ಕೆಂಪು ಸಮುದ್ರದ ವಾಣಿಜ್ಯ ಹಡಗುಗಳ ಮೇಲೆ ನಡೆಸಿದ ದಾಳಿಗಳೂ, ಅವುಗಳನ್ನು ತಡೆಯಲು ಹೊರಟ ರಾಷ್ಟ್ರಗಳ ಕ್ರಮಗಳೂ ಈ ಪ್ರಶ್ನೆಯನ್ನು ಎರಡು ದಿಕ್ಕಿನಿಂದ ಎತ್ತುತ್ತವೆ. ಆ ವರ್ಷದ ನವೆಂಬರ್ 19ರಂದು ವಶಪಡಿಸಿಕೊಂಡ ‘ಗ್ಯಾಲಕ್ಸಿ ಲೀಡರ್’ ಹಡಗಿಗೆ ಇಸ್ರೇಲಿನ ಉದ್ಯಮಿಯೊಬ್ಬನ ನಂಟಿದೆ ಎಂಬುದು ಬಂಡುಕೋರರು ಮುಂದಿಟ್ಟ ಕಾರಣವಾಗಿತ್ತು. ಆದರೆ ಫಿಲಿಪ್ಪೀನ್ಸ್, ಉಕ್ರೇನ್, ಬಲ್ಗೇರಿಯ, ರುಮೇನಿಯ ಮತ್ತು ಮೆಕ್ಸಿಕೋಗಳಿಗೆ ಸೇರಿದ ಅದರ 25 ಮಂದಿ ಸಿಬ್ಬಂದಿಗೆ ಬಿಡುಗಡೆ ದೊರೆತದ್ದು 2025ರ ಜನವರಿಯಲ್ಲಿ.

ಇಂದಿನ ವಾಣಿಜ್ಯ ಹಡಗಿನ ಒಡೆತನ ಒಂದು ದೇಶದ್ದು, ಧ್ವಜ ಇನ್ನೊಂದರದು, ಸರಕು ಮತ್ತೊಂದರದು, ದುಡಿಯುವ ಕೈಗಳು ಬೇರೆಯೇ ದೇಶಗಳವು. ಆದ್ದರಿಂದ ‘ಶತ್ರುವಿನ ಹಡಗು’ ಎಂಬ ಮಾತಿನಲ್ಲಿ ಶತ್ರು ಯಾರೆಂಬುದು ಸ್ಪಷ್ಟವಾಗುವುದಿಲ್ಲವಾದರೂ, ಏಟು ತಿನ್ನುವವನು ಯಾರೆಂಬುದರಲ್ಲಿ ಮಾತ್ರ ಸಂದೇಹವಿಲ್ಲ. ಕಲ್ಲಿದ್ದಲು ಸಾಗಿಸುವ, ಗ್ರೀಕ್ ಒಡೆತನದ ‘ಟ್ಯೂಟರ್’ ಹಡಗಿಗೆ 2024ರ ಜೂನ್ 12ರಂದು ಬಂದು ಅಪ್ಪಳಿಸಿದ್ದು ಮೀನುಗಾರರ ದೋಣಿಯಂತೆ ಕಾಣುತ್ತಿದ್ದ, ಸ್ಫೋಟಕ ತುಂಬಿದ ಚಾಲಕರಹಿತ ದೋಣಿ. ಅದರೊಳಗೆ ಕೂರಿಸಿದ್ದ ಎರಡು ಆಕೃತಿಗಳು ಬೊಂಬೆಗಳಾಗಿದ್ದವು. ನೀರು ನುಗ್ಗಿದ ಎಂಜಿನ್ ಕೋಣೆಯಲ್ಲಿ ಸಿಕ್ಕಿಕೊಂಡನೆಂದು ನಂಬಲಾದ ಫಿಲಿಪ್ಪೀನ್ಸಿನ ನಾವಿಕನಾದರೋ ಜೀವಂತ ಮನುಷ್ಯನಾಗಿದ್ದನು. ಕೊಲ್ಲುವವನು ತನ್ನ ಜೀವವನ್ನು ದೂರದಲ್ಲಿ ಕಾಪಾಡಿಕೊಂಡು ಬೊಂಬೆಗಳನ್ನು ಕಳುಹಿಸುವುದು, ಸಾಯುವವನು ಆ ಜಗಳಕ್ಕೆ ಯಾವ ಸಂಬಂಧವೂ ಇಲ್ಲದೆ ಸಂಬಳಕ್ಕೆ ದುಡಿಯುತ್ತಿರುವುದು, ಈ ವಿಪರ್ಯಾಸದಲ್ಲೇ ನೈತಿಕ ಸಮಸ್ಯೆಯ ತಿರುಳಿದೆ.

ಇಸ್ರೇಲಿನ ದಾಳಿಗೊಳಗಾದ ಗಾಜಾದ ಜನರ ಸಂಕಟವನ್ನು ನಿಲ್ಲಿಸಲು ಈ ದಾಳಿಗಳೆಂಬ ಹೂಥಿಗಳ ವಾದವನ್ನು ಲಘುವಾಗಿ ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಆ ಸಂಕಟ ನಿಜವಾದುದು. ಅವರ ಚಳವಳಿ ಬೇರೂರಿರುವ ಜೈದಿ ಪಂಥವು ಶಿಯಾ ಇಸ್ಲಾಮಿನ ಒಂದು ಶಾಖೆಯಾಗಿದ್ದು, ಕ್ರಿ.ಶ. 740ರಲ್ಲಿ ಕೂಫಾದಲ್ಲಿ ಉಮಯ್ಯದ್ ಆಳ್ವಿಕೆಯ ವಿರುದ್ಧ ಎದ್ದು ಮಡಿದ ಜೈದ್ ಇಬ್ನ್ ಅಲಿಯಿಂದ ತನ್ನ ಹೆಸರನ್ನು ಪಡೆದಿದೆ. ಅನ್ಯಾಯದ ಅರಸನ ವಿರುದ್ಧ ಎದ್ದು ನಿಲ್ಲುವ ಕರ್ತವ್ಯವನ್ನು ಆ ಪಂಥವು ‘ಖುರೂಜ್’ ಎಂದು ಕರೆದು ಎತ್ತಿಹಿಡಿಯುತ್ತದೆ. ಆದರೆ ಖುರೂಜ್ ಎಂಬುದು ಅನ್ಯಾಯ ಮಾಡಿದವನ ಎದುರು ನಿಲ್ಲುವುದೇ ಹೊರತು, ಅವನ ಕಡೆಗೆ ಹೋಗುವ ದಾರಿಯಲ್ಲಿ ಸಿಕ್ಕವನನ್ನು ಹೊಡೆಯುವುದಲ್ಲ. ಪಾಪದ ಹೊರೆ ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದಿಲ್ಲವೆಂಬುದು ಕುರಾನಿನಲ್ಲಿ ಹಲವೆಡೆ ಬರುವ ಬೋಧೆಯೂ ಆಗಿದೆ.

ಭಾರತೀಯ ಚಿಂತನೆಯೂ ಈ ವಿಷಯದಲ್ಲಿ ಪೂರ್ತಿ ನಿರ್ದೋಷಿಯಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಕೌಟಿಲ್ಯನ ಅರ್ಥಶಾಸ್ತ್ರವು, ಬಂದರು ಮತ್ತು ಹಡಗುಗಳ ಮೇಲ್ವಿಚಾರಕನಾದ ನಾವಧ್ಯಕ್ಷನು ಬಿರುಗಾಳಿಗೆ ಸಿಕ್ಕಿ ಬಂದ ನೌಕೆಯನ್ನು ತಂದೆಯಂತೆ ಆದರಿಸಬೇಕೆಂದು ವಿಧಿಸಿದರೂ, ಕಡಲುಗಳ್ಳರ ನೌಕೆಗಳೊಡನೆ ಶತ್ರುದೇಶಕ್ಕೆ ಹೋಗುವ ನೌಕೆಗಳನ್ನೂ ನಾಶಮಾಡಬೇಕೆನ್ನುತ್ತದೆ. ಒಂದೇ ಅಧಿಕಾರಿಯ ಕೈಗೆ ಕರುಣೆಯನ್ನೂ ವಿನಾಶವನ್ನೂ ಕೊಟ್ಟ ಈ ವಿಧಿಯು, ರಾಜ್ಯದ ಹಿತವನ್ನೇ ಅಳತೆಗೋಲಾಗಿ ಹಿಡಿದರೆ ನಾವಿಕನ ಜೀವಕ್ಕೆ ಭದ್ರವಾದ ನೆಲೆ ಸಿಗುವುದಿಲ್ಲವೆಂಬುದನ್ನು ತೋರಿಸುತ್ತದೆ. ಆ ನೆಲೆಯನ್ನು ಅವನ ನಿರಪರಾಧದಲ್ಲೇ ಹುಡುಕಬೇಕಾಗುತ್ತದೆ.

ಹೀಗೆ ಹುಡುಕಿದಾಗ ರಕ್ಷಕನ ಮೇಲೂ ಒಂದು ಕಟ್ಟುಪಾಡು ಬೀಳುತ್ತದೆ. ರೋಮಿನ ಸಿಸೆರೋ ಕಡಲುಗಳ್ಳನನ್ನು ಎಲ್ಲರ ಸಮಾನ ಶತ್ರುವೆಂದು ಬಗೆದನು. ಆದರೆ ಹೂಥಿಗಳಂತೆ ಶತ್ರುವು ಜನವಸತಿಯ ನಡುವೆ ಆಳುತ್ತಿರುವಾಗ ಅವನ ಮೇಲಿನ ಏಟು ಅವನೊಬ್ಬನಿಗೇ ತಗಲುವುದಿಲ್ಲ. ಗ್ರೀಕ್ ಭಾಷೆಯಲ್ಲಿ ‘ಗುರಾಣಿಗಳು’ ಎಂಬ ಅರ್ಥದ ‘ಆಸ್ಪಿಡಿಸ್’ ಹೆಸರಿನಲ್ಲಿ 2024ರ ಫೆಬ್ರವರಿಯಲ್ಲಿ ಆರಂಭವಾದ ಐರೋಪ್ಯ ಒಕ್ಕೂಟದ ಕಾರ್ಯಾಚರಣೆಯು ಹಡಗುಗಳಿಗೆ ಬೆಂಗಾವಲಾಗಿ, ಬರುವ ಕ್ಷಿಪಣಿಯನ್ನು ಹೊಡೆದುರುಳಿಸುವುದಕ್ಕೆ ತನ್ನನ್ನು ಮಿತಿಗೊಳಿಸಿಕೊಂಡರೆ, ಅಮೆರಿಕ ಮತ್ತು ಬ್ರಿಟನ್ ಅದೇ ವರ್ಷದ ಜನವರಿಯಿಂದಲೇ ಯೆಮನ್ನಿನ ನೆಲದ ಮೇಲೆ ಬಾಂಬ್ ದಾಳಿಗೆ ಇಳಿದಿದ್ದವು. 13ನೇ ಶತಮಾನದ ಕ್ರೈಸ್ತ ಚಿಂತಕ ಥಾಮಸ್ ಅಕ್ವಿನಾಸನ ವಿಚಾರದಿಂದ ಬೆಳೆದ ‘ದ್ವಿಫಲ ತತ್ತ್ವ’ವು, ಒಳ್ಳೆಯ ಉದ್ದೇಶದ ಕೆಲಸದಿಂದ ಬಯಸದ ಕೇಡು ಉಂಟಾದರೆ ಅದು ಕ್ಷಮ್ಯವಾಗಬಹುದಾದರೂ, ಆ ಕೇಡು ಪಡೆಯುವ ಒಳಿತನ್ನು ಮೀರಬಾರದು ಮತ್ತು ಆ ಒಳಿತಿಗೆ ಕೇಡೇ ಸಾಧನವಾಗಬಾರದು ಎನ್ನುತ್ತದೆ. 2025ರ ಏಪ್ರಿಲ್ 17ರಂದು ರಾಸ್ ಈಸಾ ತೈಲ ಬಂದರಿನ ಮೇಲೆ ಅಮೆರಿಕ ನಡೆಸಿದ ದಾಳಿಯಲ್ಲಿ 70ಕ್ಕೂ ಹೆಚ್ಚು ಜನ ಸತ್ತರೆಂದು ಹೂಥಿ ಆಡಳಿತ ತಿಳಿಸಿತು. ಬಂದರಿನ ಕೂಲಿಯೂ ಹಡಗಿನ ನಾವಿಕನೂ ಒಂದೇ ವ್ಯಾಪಾರದ ಎರಡು ತುದಿಗಳಲ್ಲಿ ದುಡಿಯುವವರಾದ್ದರಿಂದ, ಒಬ್ಬನನ್ನು ಉಳಿಸಲು ಇನ್ನೊಬ್ಬನನ್ನು ಬಲಿಕೊಡುವ ರಕ್ಷಣೆಯು ತಾನು ನಿಂತ ಆಧಾರವನ್ನೇ ಕಳೆದುಕೊಳ್ಳುತ್ತದೆ.

ಈ ವಿಚಾರವು ಕರ್ನಾಟಕದ ಕರಾವಳಿಗೆ ದೂರದ್ದಲ್ಲ. 2023ರ ಡಿಸೆಂಬರ್ 23ರಂದು ಗುಜರಾತಿನಾಚೆಯ ಕಡಲಿನಲ್ಲಿ ಡ್ರೋನ್ ದಾಳಿಗೆ ಗುರಿಯಾದ ‘ಕೆಮ್ ಪ್ಲೂಟೊ’ ಸೌದಿ ಅರೇಬಿಯದಿಂದ ಮಂಗಳೂರಿಗೆ ಕಚ್ಚಾ ತೈಲವನ್ನು ತರುತ್ತಿತ್ತು. ಆ ಡ್ರೋನ್ ಇರಾನಿನಿಂದ ಬಂದುದೆಂದು ಅಮೆರಿಕ ಹೇಳಿತು, ಇರಾನ್ ಅಲ್ಲಗಳೆಯಿತು. ಅಪವಾದಗಳ ನಡುವೆ ಧರ್ಮದ ದಾರಿ ಹೆಚ್ಚು ಸ್ಪಷ್ಟವಾಗಿ ಕಂಡದ್ದು 2024ರ ಮಾರ್ಚ್ 6ರಂದು. ಮೂವರು ನಾವಿಕರನ್ನು ಬಲಿತೆಗೆದುಕೊಂಡ ಕ್ಷಿಪಣಿ ದಾಳಿಯ ಬಳಿಕ ಉರಿಯುತ್ತಿದ್ದ ‘ಟ್ರೂ ಕಾನ್ಫಿಡೆನ್ಸ್’ ಹಡಗಿನ 21 ಮಂದಿಯನ್ನು ಭಾರತೀಯ ನೌಕಾಪಡೆಯ ‘ಐಎನ್‌ಎಸ್ ಕೋಲ್ಕತಾ’ ಹೆಲಿಕಾಪ್ಟರ್ ಮತ್ತು ದೋಣಿಗಳ ಮೂಲಕ ಪಾರುಮಾಡಿದಾಗ ಅವರಲ್ಲಿ ಭಾರತೀಯನಿದ್ದದ್ದು ಒಬ್ಬನೇ. ಮುಳುಗುತ್ತಿರುವವನ ಕೈ ಹಿಡಿಯುವುದು ಮೊದಲು, ಅವನ ಮುಂದೆ ಗುರಾಣಿಯಾಗುವುದು ಅನಂತರ, ಆಯುಧ ಎತ್ತುವುದು ಅನಿವಾರ್ಯವಾದಾಗ ಕೊನೆಯದು ಎಂಬ ಈ ಕ್ರಮವನ್ನು ಕಾಯ್ದುಕೊಂಡ ರಕ್ಷಣೆ ಮಾತ್ರ ನಾವಿಕನ ನಿರಪರಾಧಕ್ಕೆ ಋಣಿಯಾಗಿ ನಡೆದೀತು.