ಇಂದಿನ ಧಮ್ಮ ಚಿಂತನೆ: ಹಳಿ ಹೋಯಿತು, ಪ್ರಶ್ನೆ ಹೋಗಲಿಲ್ಲ





ಪಂಚಶೀಲವನ್ನು ನಾವು ದಿನವೂ ಹೇಳುತ್ತೇವೆ. ನಾಲ್ಕನೆಯ ಶೀಲ ಬಂದಾಗ ನನ್ನ ನಾಲಿಗೆ ಇಂದಿಗೂ ಒಂದು ಕ್ಷಣ ತಡವರಿಸುತ್ತದೆ. ಸುಳ್ಳು ಹೇಳುವುದರಿಂದ ದೂರ ಇರುತ್ತೇನೆ ಎನ್ನುವಾಗಲೆಲ್ಲ ನನಗೆ ಒಂದು ರೈಲು ನೆನಪಾಗುತ್ತದೆ. ಆ ರೈಲು ಈಗ ಇಲ್ಲ. ಅದು ಓಡುತ್ತಿದ್ದ ಹಳಿಯೂ ಇಲ್ಲ. ಆದರೆ ಆ ರೈಲಿನಲ್ಲಿ ನಾನು ಹೇಳಿದ ಒಂದು ಸುಳ್ಳು ಇನ್ನೂ ಇದೆ. ಅದನ್ನೇ ಇಂದು ನಿಮ್ಮ ಮುಂದೆ ಇಡುತ್ತಿದ್ದೇನೆ.

*ಆಯಿಯ ರೈಲು*

ಗದಗದಿಂದ ಬಾಗಲಕೋಟೆ, ವಿಜಯಪುರದ ಮೇಲೆ ಹಾದು ಸೊಲ್ಲಾಪುರದ ಹತ್ತಿರದ ಹೊಟಗಿ ಸೇರುವ ಮೀಟರ್ ಗೇಜ್ ದಾರಿ 1884ರಲ್ಲಿ ಶುರುವಾಯಿತು. ಎರಡು ಹಳಿಗಳ ನಡುವೆ ಒಂದೇ ಮೀಟರ್ ಅಂತರ. ಸಣ್ಣ ಡಬ್ಬಿ, ಕಟ್ಟಿಗೆಯ ಬಾಕು, ಮೈ ಕುಲುಕಿಸುವ ನಡಿಗೆ. ಪ್ಯಾಸೆಂಜರ್ ಗಾಡಿ ಎಂದರೆ ಪ್ರತಿ ಸಣ್ಣ ಸ್ಟೇಶನ್ನಿನಲ್ಲೂ ನಿಲ್ಲುತ್ತಿತ್ತು. ಕಾಳಿನ ಚೀಲ, ಕೋಳಿ ಬುಟ್ಟಿ, ತೊಟ್ಟಿಲ ಕೂಸು, ಎಲ್ಲವೂ ಅದರಲ್ಲಿ ಹಿಡಿಸುತ್ತಿದ್ದವು.

ನಮ್ಮ ಮುತ್ಯಾ ಆ ದಾರಿಯಲ್ಲಿ ಕೀಮನ್ ಆಗಿದ್ದರು. ಹೆಗಲ ಮೇಲೆ ಸುತ್ತಿಗೆ ಇಟ್ಟುಕೊಂಡು ದಿನಾ ತಮ್ಮ ಪಾಲಿನ ದಾರಿ ನಡೆಯುವುದು, ಹಳಿಯನ್ನು ಸ್ಲೀಪರಿಗೆ ಹಿಡಿದಿಡುವ ಕೀಲಿ ಎಲ್ಲಿ ಸಡಿಲಾಗಿದೆ ಎಂದು ನೋಡಿ ಬಡಿದು ಬಿಗಿ ಮಾಡುವುದು, ಇಷ್ಟೇ ಅವರ ಕೆಲಸ. ನಾನು ಹುಟ್ಟುವ ಮೊದಲೇ ಅವರು ತೀರಿಹೋಗಿದ್ದರು. ಆಯಿ, ಅಂದರೆ ನಮ್ಮವ್ವನ ಅವ್ವ, ಇಂಡಿ ರೋಡ್ ಸ್ಟೇಶನ್ನಿನ ಕಡೆಯ ಹಳ್ಳಿಯಲ್ಲೇ ಉಳಿದಿದ್ದಳು.

ಆಯಿಗೆ ರೈಲೆಂದರೆ ಬಹಳ ಪ್ರೀತಿ. ಅದು ಯಾಕೆ ಎಂದು ನನಗೆ ಆಗ ಗೊತ್ತಿರಲಿಲ್ಲ. ಊರಲ್ಲಿ ಗೌಡರ ಕಟ್ಟೆಯ ಮುಂದೆ ಹಾಯುವಾಗ ಆಯಿ ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಚಹಾದಂಗಡಿಯಲ್ಲಿ ನಮ್ಮ ಕೇರಿಯವರ ಕಪ್ಪು ಬೇರೆ, ತೊಳೆದಿಡುವವರೂ ನಾವೇ. ಅದೇ ಆಯಿ ರೈಲು ಹತ್ತಿದರೆ ಬಾಕಿನ ಮೇಲೆ ಕಿಟಕಿಗೆ ಹತ್ತಿ ಕೂಡುತ್ತಿದ್ದಳು. ಪಕ್ಕದವರಿಗೆ "ಸ್ವಲ್ಪ ಸರೀರಿ" ಅನ್ನುತ್ತಿದ್ದಳು. ಆ ದಪ್ಪ ರಟ್ಟಿನ ಟಿಕೆಟಿನ ಮೇಲೆ ಹತ್ತುವ ಊರು, ಇಳಿಯುವ ಊರು, ದರ, ನಂಬರು ಇರುತ್ತಿದ್ದವು. ಜಾತಿ ಇರುತ್ತಿರಲಿಲ್ಲ. ಇಳಿಯುವ ತನಕ ಆಯಿ ಅದನ್ನು ಸೀರೆಯ ಸೆರಗಿನಲ್ಲಿ ಗಂಟು ಹಾಕಿ ಇಟ್ಟುಕೊಳ್ಳುತ್ತಿದ್ದಳು.

ಭೀಮಾ ನದಿಯ ಸೇತುವೆ ಬಂದಾಗ ಡಬ್ಬಿಯಲ್ಲಿದ್ದವರು ಕೈಮುಗಿದು ಚಿಲ್ಲರೆ ಎಸೆಯುತ್ತಿದ್ದರು. ಆಯಿ ಎಸೆಯುತ್ತಿರಲಿಲ್ಲ. "ಆ ನಾಕಾಣೆದಾಗ ನಿನಗೊಂದು ಪೆನ್ಸಿಲ್ ಬರ್ತೈತಿ" ಅನ್ನುತ್ತಿದ್ದಳು.

*ಒಂದು ರೊಟ್ಟಿ*

1988ರ ಏಪ್ರಿಲ್. ನನಗೆ ಒಂಬತ್ತು ವರ್ಷ. ಸೊಲ್ಲಾಪುರದಲ್ಲಿ ಆಯಿಯ ಅಕ್ಕನ ಮನೆ ಇತ್ತು, ಅವರ ಮಕ್ಕಳು ಗಿರಣಿಯಲ್ಲಿ ಕೆಲಸಕ್ಕಿದ್ದರು. ಬಾಬಾಸಾಹೇಬರ ಜಯಂತಿಗೆ ಎಂದು ಆಯಿ ನನ್ನನ್ನು ಕರೆದುಕೊಂಡು ಹೊರಟಿದ್ದಳು.

ನಮ್ಮೆದುರು ಒಬ್ಬ ಹೆಣ್ಣುಮಗಳು ಕೂತಿದ್ದರು. ಒಳ್ಳೆಯ ಸೀರೆ, ಒಳ್ಳೆಯ ಮಾತು. ಬುತ್ತಿ ಬಿಚ್ಚಿದರು. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಮೇಲೆ ಗಟ್ಟಿ ಮೊಸರು. ನಾನು ನೋಡುತ್ತಿದ್ದುದನ್ನು ಅವರು ಕಂಡರು. ಒಂದು ರೊಟ್ಟಿ ಕೈಯಲ್ಲಿ ಹಿಡಿದು, ಕೊಡುವ ಮೊದಲು, ನಗುತ್ತಲೇ ಕೇಳಿದರು:

"ತಂಗಿ, ಯಾರ ಪೈಕಿ ನೀವು?"

ಆಯಿ ಬಾಯಿ ತೆರೆಯುವ ಮೊದಲೇ ನಾನು ಹೇಳಿಬಿಟ್ಟೆ: "ನಾವು ಗೌಡ್ರ ಪೈಕಿ ರೀ."

ರೊಟ್ಟಿ ನನ್ನ ಕೈಗೆ ಬಂತು. ಆಯಿಗೂ ಕೊಡಲು ಬಂದರು. ಆಯಿ "ಹಸಿವಿಲ್ಲ ಬಿಡ್ರಿ" ಎಂದು ಕಿಟಕಿಯ ಕಡೆ ಮುಖ ತಿರುಗಿಸಿದಳು. ನಾನು ತಿಂದೆ. ರುಚಿಯಾಗಿತ್ತು. ಸುಳ್ಳು ಹೇಳಬಾರದು.

ಸೊಲ್ಲಾಪುರದಲ್ಲಿ ಇಳಿದ ಮೇಲೆ ಆಯಿ ನನ್ನನ್ನು ಪ್ಲಾಟ್‌ಫಾರ್ಮಿನ ನಳದ ಹತ್ತಿರ ಕರೆದೊಯ್ದು ಕೈ ತೊಳೆಸಿದಳು. ಬಯ್ಯಲಿಲ್ಲ. ದನಿಯನ್ನೂ ಏರಿಸಲಿಲ್ಲ.

"ಬುತ್ತಿ ನಾನೂ ಕಟ್ಟಿಕೊಂಡು ಬಂದಿದ್ನೆಲ್ಲ ತಂಗಿ. ಈ ಹಳಿ ಮ್ಯಾಲ ನಿಮ್ಮ ಮುತ್ಯಾ ಮೂವತ್ತು ವರ್ಸ ನಡದಾನ. ಅವ ಬಿಗಿ ಮಾಡಿದ್ದಕ್ಕ ಗಾಡಿ ಓಡೇತಿ. ಒಂದು ರೊಟ್ಟಿಗೆ ಅವನ್ನ ಮಾರಿದೆಲ್ಲ."

ಯಾರ ಕಟ್ಟೆಯ ಮುಂದೆ ಆಯಿ ಚಪ್ಪಲಿ ಕೈಯಲ್ಲಿ ಹಿಡಿಯುತ್ತಿದ್ದಳೋ, ಅವರ ಹೆಸರನ್ನೇ ನಾನು ಹೇಳಿದ್ದೆ. ಆ ರಾತ್ರಿ ಮೆರವಣಿಗೆಯಲ್ಲಿ ಸಾವಿರಾರು ಜನ ಗಂಟಲು ಬಿರಿಯುವಂತೆ ಜೈ ಭೀಮ್ ಎಂದು ಕೂಗುತ್ತಿದ್ದರು. ನನ್ನ ದನಿ ಮಾತ್ರ ಹೊರಡಲಿಲ್ಲ.

*ಮಸೂರಿನ ಪ್ಲಾಟ್‌ಫಾರ್ಮು*

ಎಷ್ಟೋ ವರ್ಷಗಳ ಮೇಲೆ, ಎಂಎ ಓದುವಾಗ, ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ನನ್ನ ಕೈಗೆ ಬಂತು. ಅದರ ಮೊದಲ ಪ್ರಸಂಗವೇ ಒಂದು ರೈಲು ಪ್ರಯಾಣ. ಅದು 1901ರ ಮಾತು. ಸಾತಾರಾದಿಂದ ಬಾಲಕ ಭೀಮ, ಅಣ್ಣ ಮತ್ತು ಮನೆಯ ಮಕ್ಕಳ ಜೊತೆ, ತಂದೆ ಕೆಲಸ ಮಾಡುತ್ತಿದ್ದ ಊರಿಗೆ ಹೊರಟಿದ್ದ. ಹೊಸ ಬಟ್ಟೆ, ಜರಿ ಟೋಪಿ. ಕೈಖರ್ಚಿಗೆ ಎರಡೆರಡು ಆಣೆ ಸಿಕ್ಕಿತ್ತು. ಸ್ಟೇಶನ್ನಿನಲ್ಲಿ ಮಕ್ಕಳೆಲ್ಲ ಒಂದೊಂದು ಬಾಟಲಿ ಲೆಮನೇಡ್ ಕೊಂಡರಂತೆ. ರೈಲಿನೊಳಗೆ ಎಲ್ಲವೂ ಸುಖ.

ಮಸೂರ್ ಸ್ಟೇಶನ್ನಿನಲ್ಲಿ ಇಳಿದರು. ತಂದೆಗೆ ಬರೆದ ಪತ್ರ ಅವರ ಕೈ ಸೇರಿರಲಿಲ್ಲ, ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಸ್ಟೇಶನ್ ಮಾಸ್ತರರು ಬಂದು ವಿಚಾರಿಸಿದರು. ಮಕ್ಕಳ ಬಟ್ಟೆ ನೋಡಿದರೆ ಯಾವ ಜಾತಿ ಎಂದು ತಿಳಿಯುವಂತಿರಲಿಲ್ಲ. ನೀವು ಯಾರು ಎಂದು ಕೇಳಿದಾಗ ಬಾಲಕ ಭೀಮ ಹಿಂದೆಮುಂದೆ ನೋಡದೆ ನಿಜ ಹೇಳಿಬಿಟ್ಟ. ಮಾಸ್ತರರ ಮುಖದ ಬಣ್ಣ ಬದಲಾಯಿತು, ಅವರು ತಿರುಗಿ ನಡೆದುಬಿಟ್ಟರು. ಗಾಡಿ ಹೊಡೆಯುವವರು ಯಾರೂ ಮಕ್ಕಳನ್ನು ಕೂರಿಸಿಕೊಳ್ಳಲು ಒಪ್ಪಲಿಲ್ಲ. ಕೊನೆಗೆ ಒಬ್ಬ, ದುಪ್ಪಟ್ಟು ಬಾಡಿಗೆಗೆ, ಮಕ್ಕಳೇ ಎತ್ತು ಹೊಡೆದುಕೊಂಡು ಹೋಗಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ ಎಂಬ ಕರಾರಿಗೆ ಒಪ್ಪಿದ.

ಆ ಪ್ರಸಂಗ ಓದಿ ನಾನು ತಲೆ ತಗ್ಗಿಸಿದೆ. ಅದೇ ವಯಸ್ಸು, ಅದೇ ಪ್ರಶ್ನೆ. ಭೀಮ ನಿಜ ಹೇಳಿದ, ನಾನು ಸುಳ್ಳು ಹೇಳಿದೆ. ಹಳಿಯೂ ಒಂದೇ ಕಂಪನಿಯದು: ಮಸೂರಿನ ಮೇಲೆ ಹೋಗುತ್ತಿದ್ದ ಮೀಟರ್ ಗೇಜನ್ನೂ, ನಮ್ಮ ಗದಗ–ಹೊಟಗಿ ಮೀಟರ್ ಗೇಜನ್ನೂ ಹಾಕಿದ್ದು ಸದರ್ನ್ ಮರಾಠಾ ರೈಲ್ವೆ.

ಆದರೆ ಬಾಬಾಸಾಹೇಬರು ಕಥೆಯನ್ನು ಅಲ್ಲಿಗೇ ನಿಲ್ಲಿಸಿಲ್ಲ. ಆ ರಾತ್ರಿ ಮಕ್ಕಳ ಹತ್ತಿರ ಬುತ್ತಿ ಇತ್ತು, ನೀರಿರಲಿಲ್ಲ. ದಾರಿಯಲ್ಲಿ ಟೋಲ್ ಕಟ್ಟೆ ಬಂತು. ಮುಸಲ್ಮಾನರು ಎಂದು ಹೇಳಿ ಕೇಳಿ ನೋಡಿ ಎಂದು ಗಾಡಿಯವನು ಉಪಾಯ ಹೇಳಿಕೊಟ್ಟ. ಬಾಲಕ ಭೀಮ ಹೋಗಿ ಉರ್ದುವಿನಲ್ಲಿ ಹಾಗೆಯೇ ಹೇಳಿದ. ಆದರೂ ನೀರು ಸಿಗಲಿಲ್ಲ. ಮಕ್ಕಳು ಉಣ್ಣದೆ ಮಲಗಿದರು.

ಬಂಧುಗಳೇ, ಈ ಭಾಗವನ್ನು ಬಾಬಾಸಾಹೇಬರು ಬಿಟ್ಟುಬಿಡಬಹುದಿತ್ತು. ಬಿಡಲಿಲ್ಲ. ಸಂಜೆ ನಿಜ ಹೇಳಿದ ಮಗು ರಾತ್ರಿ ಒಂದು ಗುಟುಕು ನೀರಿಗಾಗಿ ಸುಳ್ಳು ಹೇಳಬೇಕಾಯಿತು ಎಂದು ತಾವೇ ಬರೆದಿಟ್ಟರು. ಹಾಗಾದರೆ ನಾಚಬೇಕಾದವರು ಯಾರು? ನೀರಡಿಸಿದ ಮಗುವೋ, ನೀರು ಕೊಡುವ ಮೊದಲು ನೀನು ಯಾರು ಎಂದು ಕೇಳಿದವನೋ?

*ರಾಹುಲನ ಪಾತ್ರೆ*

ಭಗವಾನ್ ಬುದ್ಧರು ಸುಳ್ಳಿನ ಬಗ್ಗೆ ಪಾಠ ಹೇಳಿದ್ದೂ ಒಬ್ಬ ಬಾಲಕನಿಗೇ. ಅಂಬಲಟ್ಠಿಕದಲ್ಲಿ ರಾಹುಲ ಅವರ ಕಾಲು ತೊಳೆಯಲು ನೀರಿಟ್ಟಿದ್ದ. ಕಾಲು ತೊಳೆದ ಮೇಲೆ ಪಾತ್ರೆಯಲ್ಲಿ ಸ್ವಲ್ಪ ನೀರು ಉಳಿದಿತ್ತು. ಅದನ್ನು ತೋರಿಸಿ, ಬೇಕೆಂದೇ ಸುಳ್ಳು ಹೇಳಲು ನಾಚದವನಲ್ಲಿ ಉಳಿಯುವ ಒಳ್ಳೆಯತನ ಇಷ್ಟೇ ಎಂದರು. ಆ ನೀರು ಚೆಲ್ಲಿದರು, ಪಾತ್ರೆಯನ್ನು ಬೋರಲು ಹಾಕಿದರು, ಮತ್ತೆ ಎತ್ತಿ ಖಾಲಿ ಪಾತ್ರೆ ತೋರಿಸಿದರು. ಆಮೇಲೆ, ಕನ್ನಡಿ ಇರುವುದು ಯಾಕೆ ಎಂದು ಕೇಳಿದರು. ಮುಖ ನೋಡಿಕೊಳ್ಳಲು ಎಂದ ರಾಹುಲ. ಹಾಗೆಯೇ ಪ್ರತಿ ಮಾತನ್ನೂ ಆಡುವ ಮೊದಲು, ಆಡುವಾಗ, ಆಡಿದ ಮೇಲೆ ನೋಡಿಕೋ, ಇದರಿಂದ ನನಗಾಗಲಿ ಇತರರಿಗಾಗಲಿ ನೋವಾಗುತ್ತದೆಯೇ ಎಂದು ಕೇಳಿಕೋ ಎಂದರು. ಸಾಮ್ರಾಟ ಅಶೋಕ ಭಿಕ್ಷುಗಳೂ ಉಪಾಸಕರೂ ಮತ್ತೆ ಮತ್ತೆ ಕೇಳಬೇಕೆಂದು ಭಾಬ್ರು ಶಾಸನದಲ್ಲಿ ಹೆಸರಿಸಿದ ಪಾಠಗಳಲ್ಲಿ ರಾಹುಲನಿಗೆ ಹೇಳಿದ ಈ ಪಾಠವೂ ಒಂದು.

ಆ ಕನ್ನಡಿಯಲ್ಲಿ ನನ್ನ ಸುಳ್ಳನ್ನು ನೋಡಿಕೊಂಡೆ. ಎದುರಿಗಿದ್ದ ಹೆಣ್ಣುಮಗಳಿಗೆ ಅದರಿಂದ ಏನೂ ನೋವಾಗಿರಲಿಲ್ಲ. ನೋವಾದದ್ದು ಪಕ್ಕದಲ್ಲಿ ಕೂತಿದ್ದ ಆಯಿಗೆ. ಜಾತಿ ಮುಚ್ಚಿಡುವ ಸುಳ್ಳು ನಮ್ಮ ಹಿರಿಯರ ಮೈಗೇ ತಾಗುತ್ತದೆ.

*ಹಳಿ ತಾನಾಗಿ ಏಳಲಿಲ್ಲ*

ಆ ಮೀಟರ್ ಗೇಜ್ ದಾರಿಯನ್ನು ಹಂತಹಂತವಾಗಿ ಕಿತ್ತರು. ಕೆಲಸ ನಡೆದ ಕಾಲಕ್ಕೆ ಗಾಡಿ ನಿಂತವು. ಸಣ್ಣ ಊರಿನ ಬಡವರು ದುಬಾರಿ ಟಿಕೆಟ್ ಕೊಟ್ಟು ಬಸ್ಸು ಹತ್ತಿದರು. ಈಗ ಅಲ್ಲಿ ಬ್ರಾಡ್ ಗೇಜ್ ಇದೆ. ಹಳೆಯ ಹಳಿಯ ಕಬ್ಬಿಣ ಗುಜರಿ ಸೇರಿತು. ಆಯಿ ಅದನ್ನು ನೋಡಲು ಉಳಿದಿರಲಿಲ್ಲ.

ಎಲ್ಲವೂ ಅನಿತ್ಯ ಎಂದು ಹೇಳಿ ಇಲ್ಲಿಗೆ ಮುಗಿಸಿಬಿಡಬಹುದು. ಆದರೆ ನಮಗೆ ಅನಿತ್ಯ ಎಂದರೆ ನಿಟ್ಟುಸಿರು ಬಿಟ್ಟು ಸುಮ್ಮನಾಗುವುದಲ್ಲ. ಆ ಹಳಿ ತಾನಾಗಿ ಎದ್ದು ಹೋಗಲಿಲ್ಲ. ಮುತ್ಯಾನಂಥವರು ಬಡಿದು ಬಿಗಿ ಮಾಡಿದ್ದ ಕೀಲಿಗಳನ್ನು ಬೇರೆ ಕೂಲಿಯವರು ಒಂದೊಂದಾಗಿ ಬಿಚ್ಚಿದರು. ಕಾರಣದಿಂದ ಹುಟ್ಟಿದ್ದು ಕಾರಣದಿಂದಲೇ ಹೋಗುತ್ತದೆ. ಕೊರೊನಾ ಕಾಲದಲ್ಲಿ ನಿಂತ ಪ್ಯಾಸೆಂಜರ್ ಗಾಡಿಗಳು ಎಕ್ಸ್‌ಪ್ರೆಸ್ ಎಂಬ ಹೆಸರು ಹೊತ್ತು ಮರಳಿದಾಗ 10 ರೂಪಾಯಿಯ ಕನಿಷ್ಠ ಟಿಕೆಟ್ 30 ಆಗಿತ್ತು. 2024ರಲ್ಲಿ ಅದು ಮತ್ತೆ 10ಕ್ಕೆ ಇಳಿಯಿತು. ಏರಿದ್ದೂ ಹಣೆಬರಹದಿಂದಲ್ಲ, ಇಳಿದದ್ದೂ ಹಣೆಬರಹದಿಂದಲ್ಲ.

ಜಾತಿಯೂ ಹಾಗೆಯೇ. ಅದು ಸನಾತನವಲ್ಲ. ಮನುಷ್ಯರು ಹಾಕಿದ ಹಳಿ ಅದು. "ಯಾರ ಪೈಕಿ?" ಎಂಬ ಪ್ರಶ್ನೆ ಅದರ ಒಂದು ಕೀಲಿ. ಕೇಳುವವರು ಅದನ್ನು ಬಿಗಿ ಮಾಡುತ್ತಾರೆ. ಹೆದರಿ ನಾವು ಹೇಳುವ ಸುಳ್ಳು ಅದನ್ನು ಇನ್ನೊಂದು ಸುತ್ತು ಬಿಗಿ ಮಾಡುತ್ತದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ಕೊಟ್ಟ 22 ಪ್ರತಿಜ್ಞೆಗಳಲ್ಲಿ ಎಲ್ಲ ಮನುಷ್ಯರೂ ಸಮಾನರು ಎಂಬುದೂ ಇದೆ, ಸುಳ್ಳು ಹೇಳುವುದಿಲ್ಲ ಎಂಬುದೂ ಇದೆ. ನನ್ನ ಮಟ್ಟಿಗೆ ಅವೆರಡೂ ಒಂದೇ ಪ್ರತಿಜ್ಞೆ.

*ಮಗಳ ಫೋನು*

ಎರಡು ವರ್ಷದ ಹಿಂದೆ ನನ್ನ ಮಗಳು ಓದಲು ಬೆಂಗಳೂರಿಗೆ ಹೋದಳು. ಗೆಳತಿಯರ ಜೊತೆ ಒಂದು ಮನೆ ನೋಡಿದ್ದಳು. ರಾತ್ರಿ ಫೋನು ಮಾಡಿದಳು. "ಅವ್ವಾ, ಓನರ್ ಆಂಟಿ 'ನೀವು ಯಾವ ಜನ' ಅಂತ ಕೇಳಿದ್ರು. ನಾಳೆ ಬರ್ತೀನಿ ಅಂತ ಹೇಳಿ ಬಂದೀನಿ. ಏನು ಹೇಳ್ಲಿ?"

ನಿಮ್ಮ ಮುಂದೆ ಮುಚ್ಚಿಡುವುದಿಲ್ಲ. "ಏನಾರ ಒಂದು ಹೇಳು, ಮೊದಲು ಮನಿ ಸಿಗಲಿ" ಎಂಬ ಮಾತು ನನ್ನ ತುಟಿಯ ತನಕ ಬಂದಿತ್ತು. ಮೂವತ್ತು ವರ್ಷ ಕಳೆದರೂ ರೊಟ್ಟಿಗೆ ಕೈ ಚಾಚಿದ ಆ ಹುಡುಗಿ ಒಳಗೆ ಇದ್ದೇ ಇದ್ದಳು. ಹಾಗೆ ಹೇಳುವ ಬದಲು ಅವಳಿಗೆ ಈ ರೈಲಿನ ಕಥೆ ಹೇಳಿದೆ. ನಳದ ಹತ್ತಿರ ಆಯಿ ಆಡಿದ ಮಾತನ್ನೂ ಹೇಳಿದೆ. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಬೌದ್ಧರು ಅಂತ ಹೇಳ್ತೀನಿ ಅವ್ವಾ. ಅದಕ್ಕ ಮೊದಲು ಏನಿದ್ರಿ ಅಂತ ಕೇಳಿದ್ರ ಅದನ್ನೂ ಹೇಳ್ತೀನಿ" ಅಂದಳು.

ಆ ಮನೆ ಸಿಗಲಿಲ್ಲ. ಬೇರೆಯವರಿಗೆ ಮಾತು ಕೊಟ್ಟಾಗಿದೆ ಎಂದರಂತೆ. ಮೂರು ವಾರ ಅಲೆದ ಮೇಲೆ ಕಾಲೇಜಿನಿಂದ ದೂರದಲ್ಲಿ ಇನ್ನೊಂದು ಸಿಕ್ಕಿತು. ಶೀಲಕ್ಕೆ ಬೆಲೆ ಇದೆ, ಅದನ್ನು ನಮ್ಮ ಮಕ್ಕಳು ತೆರುತ್ತಾರೆ. ಆದ್ದರಿಂದಲೇ, ಮನೆಗಾಗಿ, ಕೆಲಸಕ್ಕಾಗಿ, ಜೀವಭಯಕ್ಕಾಗಿ ಮುಚ್ಚಿಟ್ಟವರನ್ನು ನಾವು ಹಳಿಯಬಾರದು. ಟೋಲ್ ಕಟ್ಟೆಯ ಮುಂದೆ ನಿಂತ ಆ ನೀರಡಿಸಿದ ಮಗುವನ್ನು ನೆನೆಯಬೇಕು. ನಿಜ ಹೇಳಿದ ಮಕ್ಕಳನ್ನು ಒಂಟಿಯಾಗಿಯೂ ಬಿಡಬಾರದು. ಬೆಂಗಳೂರಿನಲ್ಲಿ ಮಗಳಿಗೆ ಆ ಮೂರು ವಾರ ಜಾಗ ಕೊಟ್ಟವರು ನಮ್ಮ ಧಮ್ಮ ಬಳಗದ ಒಂದು ಕುಟುಂಬವೇ.

*ಇಂದಿನ ಅಭ್ಯಾಸ*

ಇಂದು ಸಂಜೆ ವಂದನೆಯ ನಂತರ ಎರಡು ನಿಮಿಷ ಸುಮ್ಮನೆ ಕೂತು ರಾಹುಲನ ಕನ್ನಡಿಯನ್ನು ಮುಂದೆ ಹಿಡಿಯಿರಿ. ನಾನು ಹೆದರಿ ಯಾರ ಹೆಸರು ಮುಚ್ಚಿಟ್ಟೆ? ನಾನೇ ಯಾರಿಗಾದರೂ, ನಗುತ್ತಲೇ, "ನೀವು ಯಾರ ಪೈಕಿ?" ಎಂದು ಕೇಳಿದ್ದೇನೆಯೇ? ನಮಗಿಂತ ಕೆಳಗಿನವರು ಎಂದುಕೊಂಡ ಕೇರಿಯವರನ್ನು ಕೇಳಿದ್ದೇನೆಯೇ? ಆಮೇಲೆ ಮನೆಯ ಮಕ್ಕಳನ್ನು ಕೂರಿಸಿಕೊಂಡು ನಿಮ್ಮ ಮುತ್ಯಾ ಏನು ಕೆಲಸ ಮಾಡುತ್ತಿದ್ದರು ಎಂದು ಹೇಳಿ. ಹೆಸರು ಹಿಡಿದು ಹೇಳಿ.

ಭವತು ಸಬ್ಬ ಮಂಗಲಂ. ಸಾಧು, ಸಾಧು, ಸಾಧು.
ಜೈ ಭೀಮ್ 🙏