ದಿವಾಳಿಯೂ ಸತ್ಯಶುದ್ಧ ಕಾಯಕವೂ



ಕಳೆದ ತಿಂಗಳ ಒಂದು ಸೋಮವಾರ, ಲಿಂಗಪೂಜೆಯ ತರುವಾಯ, ಭಕ್ತರೊಬ್ಬರು ನಮ್ಮೆದುರು ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದರು. ಜವಳಿ ವ್ಯಾಪಾರದ ಮನೆತನ; ಊರಿನಲ್ಲಿ ಮಾನವಂತರು. ಕಡೆಗೆ, “ಬುದ್ಧೀ, ದಿವಾಳಿ ಅರ್ಜಿ ಹಾಕಬೇಕೆಂದು ವಕೀಲರು ಹೇಳುತ್ತಾರೆ. ಲಿಂಗವಂತನಾದವನು ಕೊಂಡ ಸಾಲವನ್ನು ತೀರಿಸದೆ ನ್ಯಾಯಾಲಯದ ಮರೆಹೊಕ್ಕರೆ ಶಿವನು ಮೆಚ್ಚುವನೆ?” ಎಂದು ಕೇಳಿದರು. ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ಹೇಳಿಕೊಳ್ಳಲು ನಾಚಿ ಒಳಗೊಳಗೇ ಬೇಯುತ್ತಿರುವ ಗೃಹಸ್ಥರು ಅನೇಕರಿರುವುದರಿಂದ, ಅವರ ಒಪ್ಪಿಗೆ ಪಡೆದು ಇಲ್ಲಿ ವಿಚಾರಿಸುತ್ತೇವೆ.

ಮೊದಲು ಲೆಕ್ಕವನ್ನೇ ನೋಡಿದೆವು. ಸಾಲ 14 ಲಕ್ಷ ರೂಪಾಯಿ. ನೂರಕ್ಕೆ ತಿಂಗಳಿಗೆ 2 ರೂಪಾಯಿಯಂತೆ ಬಡ್ಡಿಯೇ 28,000. ಮನೆಖರ್ಚು ಕಳೆದು ಅಂಗಡಿಯಿಂದ ಉಳಿಯುವುದು 8,000. ಅಂದಮೇಲೆ ಎಷ್ಟು ಬೆವರು ಸುರಿಸಿದರೂ ಅಸಲು ಕರಗದು. ಋಣವು ತಿಂಗಳಿಗೆ 20,000ದಂತೆ ಬೆಳೆಯುತ್ತಲೇ ಹೋಗುವುದು. ಕಾಯಕವೆಲ್ಲವೂ ಬಡ್ಡಿಗೆ ಒತ್ತೆಯಾದ ಮೇಲೆ ಗುರುಲಿಂಗಜಂಗಮಕ್ಕೆ ಸಲ್ಲುವುದೇನು? ನಾಲ್ಕೈದು ವರ್ಷಗಳ ದುಡಿಮೆಯಿಂದ ತೀರಿಸಬಲ್ಲವನು ಅರ್ಜಿ ಹಾಕತಕ್ಕದ್ದಲ್ಲ. ಸಾಲ ಕೊಟ್ಟವರನ್ನು ಕೂಡಿಸಿ ಗಡುವು ಕೇಳತಕ್ಕದ್ದು. ಇವರ ಸ್ಥಿತಿ ಹಾಗಿರಲಿಲ್ಲ.

ಸಾಲದ ಬೇಗೆಗೆ ಪ್ರಾಣವನ್ನೇ ನೀಗುವವರೂ ಉಂಟು. ಲಿಂಗವು ನೆಲಸಿದ ಕಾಯವನ್ನು ಸಾಹುಕಾರನ ಖಾತೆಗೆ ಜಮಾ ಮಾಡುವ ಅಧಿಕಾರ ಯಾರಿಗೂ ಇಲ್ಲ. ಅದಕ್ಕಿಂತ ನ್ಯಾಯಾಲಯದ ಮೆಟ್ಟಿಲು ಸಾವಿರ ಪಾಲು ಮೇಲು.

2016ರಲ್ಲಿ ದಿವಾಳಿಯ ಹೊಸ ಸಂಹಿತೆಯೇನೋ ಬಂದಿತು. ಆದರೆ ಅದರ ವ್ಯಕ್ತಿಗಳ ಭಾಗವು 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದದ್ದು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರಿಗೆ ಮಾತ್ರ. ಅಂಗಡಿಕಾರನಿಗೆ 1920ರ ಪ್ರಾಂತೀಯ ದಿವಾಳಿ ಕಾಯಿದೆಯೇ ದಾರಿ. ಅದರಂತೆ ಆಸ್ತಿಯು ನ್ಯಾಯಾಲಯದ ಅಥವಾ ಅದು ನೇಮಿಸಿದ ರಿಸೀವರನ ವಶವಾಗಿ ಸಾಲ ಕೊಟ್ಟವರಿಗೆ ಹಂಚಿಕೆಯಾಗುವುದು. ನಡತೆ ನೇರವಾಗಿದ್ದರೆ ಮುಂದೆ ಬಿಡುಗಡೆ ದೊರೆಯಬಹುದು. ಸರ್ಕಾರಕ್ಕೆ ಸಲ್ಲತಕ್ಕದ್ದಕ್ಕೂ ಮೋಸದಿಂದ ಮಾಡಿದ ಸಾಲಕ್ಕೂ ಬಿಡುಗಡೆಯಿಲ್ಲ. ಉಡುವ ಬಟ್ಟೆ, ಅಡುಗೆಯ ಪಾತ್ರೆ, ಕಸಬುದಾರನ ಸಲಕರಣೆ, ಧರ್ಮಾಚಾರದಂತೆ ಹೆಂಗಸು ತೆಗೆಯಬಾರದ ಒಡವೆ ಇವು ಜಪ್ತಿಗೆ ಒಳಪಡವು. ಕಾಯಕದ ಸಲಕರಣೆಯನ್ನು ಮುಟ್ಟದಿರುವ ಕಾನೂನಿಗೆ ಕಾಯಕದ ಮರ್ಮ ಅಷ್ಟಿಷ್ಟು ತಿಳಿದಿದೆಯೆಂದೇ ನಮಗೆ ತೋರುತ್ತದೆ.

ಇದನ್ನು ಕೇಳಿ ಅವರ ಮುಖ ಗೆಲುವಾಯಿತು. ಆದರೆ ಬಳಿಕ ದನಿ ತಗ್ಗಿಸಿ ಇನ್ನೆರಡು ಸಂಗತಿ ಹೇಳಿದರು. ಮನೆಯನ್ನು ಆರು ತಿಂಗಳ ಹಿಂದೆ ಮಡದಿಯ ಹೆಸರಿಗೆ ದಾನಪತ್ರ ಮಾಡಿದ್ದಾರೆ. ಭಾವಮೈದುನನ ಹಣವನ್ನು ಅರ್ಜಿಗೆ ಮೊದಲೇ ಗುಟ್ಟಾಗಿ ಕೊಟ್ಟುಬಿಡಬೇಕೆಂದಿದ್ದಾರೆ. ಬಂಧುಗಳೆ, ಪಾಪವು ಅರ್ಜಿಯಲ್ಲಿರಲಿಲ್ಲ, ಇಲ್ಲಿತ್ತು. ಎರಡು ವರ್ಷದೊಳಗಿನ ಇಂಥ ದಾನವನ್ನೂ ಮೂರು ತಿಂಗಳೊಳಗೆ ಒಬ್ಬನಿಗೇ ಪಕ್ಷಪಾತದಿಂದ ಸಲ್ಲಿಸಿದ್ದನ್ನೂ ಕಾಯಿದೆಯು ರದ್ದುಪಡಿಸಬಲ್ಲದು. ಅದು ಹಾಗಿರಲಿ; ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ತಾಯಿ ಮಾಡಿದ್ದೇನು? ಅದು ಕದ್ದ ಅಕ್ಕಿಯಲ್ಲ, ನೆಲಕ್ಕೆ ಬಿದ್ದದ್ದು. ಆದರೂ ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರುವಂತೆ ಮಾಡಿದಳು. ಸತಿಯ ಸೆರಗಿನಲ್ಲಿ ಆಸ್ತಿ ಬಚ್ಚಿಡಲು ಹೊರಟವನು ಆ ತಾಯಿಯ ಎದುರು ಹೇಗೆ ನಿಂತಾನು?

ಬೆಳ್ಳಿಯ ಕರಡಿಗೆಯನ್ನೂ ಪಟ್ಟಿಯಲ್ಲಿ ಬರೆಯಬೇಕೆ ಎಂದು ಕೇಳಿದರು. ಬರೆಯಿರಿ ಎಂದೆವು. ಇಷ್ಟಲಿಂಗಕ್ಕೆ ಬೆಳ್ಳಿ ಬೇಕಿಲ್ಲ, ತೊಳೆದ ಅರಿವೆಯ ತುಂಡು ಸಾಕು.

ನಮ್ಮ ತಪ್ಪನ್ನೂ ಮುಚ್ಚಿಡಬಾರದು. ಎರಡು ವರ್ಷದ ಹಿಂದೆ ಜಾತ್ರೆಯ ದಾಸೋಹವನ್ನು ಇವರು ಸಾಲ ತಂದು ನಡೆಸಿದ್ದರು. ಉಂಡವರಲ್ಲಿ ನಾವೂ ಇದ್ದೆವು; ಶಾಲು ಹೊದಿಸಿ ಹೊಗಳಿದೆವು, ಹಣವೆಲ್ಲಿಯದೆಂದು ಕೇಳಲಿಲ್ಲ. ಸಾಲದ ದಾಸೋಹ ದಾಸೋಹವಲ್ಲ, ಪ್ರತಿಷ್ಠೆ. ಇನ್ನು ಮುಂದೆ ಮಠವು ಕೇಳಿಯೇ ಸ್ವೀಕರಿಸುವುದು.

ಗುರುವಾರ ಅವರು ಮತ್ತೆ ಬಂದರು. ಪಟ್ಟಿಯನ್ನು ಮಡದಿಗೆ ಓದಿಹೇಳಿದರಂತೆ. ಆಕೆ ಮನೆಯ ಮಾತೆತ್ತಲಿಲ್ಲ, ತಮ್ಮನ ಮಾತನ್ನೂ ಎತ್ತಲಿಲ್ಲ. “ಅಂಗಡಿಯ ಆಳು ಮಗಳ ಮದುವೆಗೆಂದು ನಮ್ಮಲ್ಲಿಟ್ಟ 40,000 ಇದರಲ್ಲಿ ಏಕಿಲ್ಲ?” ಎಂದಷ್ಟೇ ಕೇಳಿದಳಂತೆ. ಅದನ್ನೂ ಬರೆದುಕೊಂಡು ಅವರು ವಕೀಲರಲ್ಲಿಗೆ ಹೊರಟಿದ್ದರು.