ನೀತಿಪಾಠದ ಅಧಿಕಾರ ಯಾರದು?

ಇಂಗ್ಲೆಂಡಿನ ಪ್ರೌಢಶಾಲೆಗಳಲ್ಲಿ ‘ಪಿಎಸ್‌ಎಚ್‌ಇ’ ಎಂದು ಕರೆಯುವ ವೈಯಕ್ತಿಕ, ಸಾಮಾಜಿಕ, ಆರೋಗ್ಯ ಮತ್ತು ಆರ್ಥಿಕ ಶಿಕ್ಷಣದ ಹರವು ದೊಡ್ಡದು. ಮಾದಕ ವಸ್ತು, ಸಾಲ, ಖಿನ್ನತೆ, ಸ್ನೇಹ, ಮದುವೆ, ಲೈಂಗಿಕತೆ ಎಲ್ಲವೂ ಅದರೊಳಗೆ ಬರುತ್ತವೆ. ಬಹುಕಾಲ ಶಾಲೆಗಳ ಇಷ್ಟಕ್ಕೆ ಬಿಟ್ಟಿದ್ದ ಈ ಪಾಠದ ಬಹುಭಾಗವನ್ನು 2017ರ ಕಾಯ್ದೆಯ ಆಧಾರದ ಮೇಲೆ 2020ರ ಸೆಪ್ಟೆಂಬರಿನಿಂದ ಕಡ್ಡಾಯಗೊಳಿಸಲಾಯಿತು. ಹೇಗೆ ಬಾಳಬೇಕೆಂದು ಮಗುವಿಗೆ ಹೇಳಿಕೊಡುವವರು ಯಾರು, ಮನೆಯವರೇ, ಧರ್ಮವೇ, ಸರ್ಕಾರವೇ ಎಂಬ ಹಳೆಯ ಪ್ರಶ್ನೆಗೆ ಇದರಿಂದ ಮತ್ತೆ ಜೀವ ಬಂತು.

ಸದ್ಗುಣವನ್ನು ಕಲಿಸಲು ಸಾಧ್ಯವೇ ಎಂಬುದು ಪ್ಲೇಟೋನ ‘ಮೆನೋ’ ಸಂವಾದದ ಮೊದಲ ಪ್ರಶ್ನೆ. ಅದು ರೂಢಿಯಿಂದ ಬೆಳೆಯುತ್ತದೆ ಎಂದ ಅರಿಸ್ಟಾಟಲ್. ಪ್ರಭುತ್ವವೇ ಶಿಕ್ಷಣ ಕೊಡತೊಡಗಿದರೆ ಜನರೆಲ್ಲ ಒಂದೇ ಅಚ್ಚಿನವರಾದಾರು ಎಂಬ ಭಯ 1859ರಲ್ಲಿ ಜಾನ್ ಸ್ಟುವರ್ಟ್ ಮಿಲ್‌ಗೆ ಇತ್ತು. ಇಂಗ್ಲೆಂಡ್ 1944ರ ಕಾಯ್ದೆಯಲ್ಲಿ ಒಂದು ಉಪಾಯ ಕಂಡುಕೊಂಡಿತು: ಧಾರ್ಮಿಕ ಬೋಧನೆಯೂ ನಿತ್ಯದ ಪ್ರಾರ್ಥನೆಯೂ ಕಡ್ಡಾಯ, ಬೇಡವೆಂದ ಪೋಷಕರ ಮಕ್ಕಳಿಗೆ ವಿನಾಯಿತಿ.

ಇಂದಿನ ಏರ್ಪಾಡು ಅದೇ ಜಾಡಿನದು, ಆದರೆ ಹೆಚ್ಚು ತೊಡಕಿನದು. ಲೈಂಗಿಕ ಶಿಕ್ಷಣದಿಂದ ಮಗುವನ್ನು ಹೊರಗಿಡುವಂತೆ ಪೋಷಕರು ಕೇಳಬಹುದು. ಸಂಬಂಧಗಳ ಪಾಠ, ಆರೋಗ್ಯದ ಪಾಠಗಳಿಂದ ಹೊರಗಿಡುವಂತಿಲ್ಲ. ವಿಜ್ಞಾನದ ತರಗತಿಯಲ್ಲಿ ಬರುವ ಸಂತಾನೋತ್ಪತ್ತಿಯ ಪಾಠಕ್ಕೂ ವಿನಾಯಿತಿಯಿಲ್ಲ. ಧಾರ್ಮಿಕ ಸಂಸ್ಥೆಗಳ ಶಾಲೆಗಳು ತಮ್ಮ ಮತದ ನಿಲುವನ್ನು ಹೇಳಿಕೊಡಬಹುದು, ನೆಲದ ಕಾನೂನನ್ನು ಮಾತ್ರ ಮುಚ್ಚಿಡಬಾರದು. ತಿಳಿವಳಿಕೆ ಎಲ್ಲರಿಗೂ ಸಲ್ಲಬೇಕು, ಮೌಲ್ಯಗಳು ಮನೆಮನೆಗೆ ಬಿಟ್ಟದ್ದು ಎಂಬುದು ಇದರ ಹಿಂದಿನ ತರ್ಕ.

ಕಾಗದದ ಮೇಲೆ ಅಂದವಾಗಿರುವ ಈ ಗೆರೆ ತರಗತಿಯಲ್ಲಿ ಅಳಿಸಿಹೋಗುತ್ತದೆ. ಲೈಂಗಿಕ ಸಂಬಂಧಕ್ಕೆ ಸಮ್ಮತಿಯ ವಯಸ್ಸು 16 ಎನ್ನುವುದು ಮಾಹಿತಿ. ಒಲ್ಲೆನೆಂದವರನ್ನು ಒತ್ತಾಯಿಸಬಾರದು ಎನ್ನುವುದು ನೀತಿ. ಅದಕ್ಕೆ ಯಾವ ಮನೆಯೂ ತಕರಾರು ಮಾಡಲಾರದು. ಸಲಿಂಗ ವಿವಾಹ 2014ರಿಂದ ಅಲ್ಲಿ ಕಾನೂನುಬದ್ಧ ಎನ್ನುವುದೂ ಮಾಹಿತಿಯೇ, ಆದರೆ ಅದನ್ನು ಯಾವ ದನಿಯಲ್ಲಿ ಹೇಳಬೇಕು? ಸಹಜವೆಂಬಂತೆ ಹೇಳಿದರೆ ಕೆಲವು ಕ್ರೈಸ್ತ, ಮುಸ್ಲಿಂ, ಯಹೂದಿ ಕುಟುಂಬಗಳ ನಂಬಿಕೆಗೆ ಪೆಟ್ಟು. ಹೇಳದೇ ಬಿಟ್ಟರೆ ಅದೇ ಬೆಂಚಿನಲ್ಲಿ ಕೂತ ಬೇರೊಬ್ಬ ವಿದ್ಯಾರ್ಥಿಗೆ ಪೆಟ್ಟು. ಸುಮ್ಮನಿರುವುದೂ ಒಂದು ಪಾಠವೇ. ಸಲಿಂಗ ಪ್ರೇಮವನ್ನು ‘ಉತ್ತೇಜಿಸಬಾರದು’ ಎಂದು ಸ್ಥಳೀಯ ಸಂಸ್ಥೆಗಳ ಮೇಲೆ 1988ರಲ್ಲಿ ಹೇರಿದ 28ನೇ ಕಲಂ 2003ರವರೆಗೆ ಇಂಗ್ಲೆಂಡಿನ ಶಿಕ್ಷಕರ ಬಾಯಿ ಕಟ್ಟಿಹಾಕಿತ್ತು. ಅದನ್ನು ಯಾರೂ ತಟಸ್ಥ ನೀತಿಯೆನ್ನಲಾರರು.

ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 1976ರಲ್ಲಿ ಡೆನ್ಮಾರ್ಕಿನ ಪ್ರಕರಣವೊಂದರಲ್ಲಿ ಒಂದು ಅಳತೆಗೋಲು ಕೊಟ್ಟಿತು. ಪಾಠ ವಸ್ತುನಿಷ್ಠವೂ ವಿಮರ್ಶಾತ್ಮಕವೂ ಬಹುತ್ವವನ್ನು ಒಪ್ಪುವಂಥದ್ದೂ ಆಗಿದ್ದರೆ ಕಡ್ಡಾಯ ಲೈಂಗಿಕ ಶಿಕ್ಷಣ ಪೋಷಕರ ಹಕ್ಕಿಗೆ ಚ್ಯುತಿಯಲ್ಲ. ಸಿದ್ಧಾಂತವನ್ನು ತಲೆಗೆ ತುರುಕುವುದಷ್ಟೇ ನಿಷಿದ್ಧ. ವೇಲ್ಸ್ 2022ರಿಂದ ಇದೇ ದಾರಿಯಲ್ಲಿ ಮುಂದೆ ಹೋಗಿ ಹೊಸ ಪಠ್ಯಕ್ರಮದಲ್ಲಿ ಪೋಷಕರ ವಿನಾಯಿತಿಯನ್ನೇ ಕೈಬಿಟ್ಟಿತು. ಅದನ್ನು ಪ್ರಶ್ನಿಸಿದ ಪೋಷಕರು ಹೈಕೋರ್ಟಿನಲ್ಲಿ ಸೋತರು.

ಈ ಜಗ್ಗಾಟದಲ್ಲಿ ಮಗುವಿನ ಮಾತು ಕೇಳುವುದು ಕಡಿಮೆ. ಆತ್ಮಸಾಕ್ಷಿ ಪಿತ್ರಾರ್ಜಿತ ಆಸ್ತಿಯಲ್ಲ; ನಂಬಿಕೆ ಮನೆಯಿಂದ ಬಂದರೂ ಅದನ್ನು ಒಪ್ಪಬೇಕಾದವರು, ಬಿಡಬೇಕಾದವರು ಮಕ್ಕಳೇ. ಇಂಗ್ಲೆಂಡಿನ ನಿಯಮ ಇದನ್ನು ಅರೆಮನಸ್ಸಿನಿಂದ ಒಪ್ಪುತ್ತದೆ: 16 ತುಂಬಲು ಮೂರು ಶಾಲಾ ಅವಧಿಗಳು ಉಳಿದಾಗಿನಿಂದ, ಪೋಷಕರು ಬೇಡವೆಂದರೂ, ವಿದ್ಯಾರ್ಥಿ ಬಯಸಿದರೆ ಲೈಂಗಿಕ ಶಿಕ್ಷಣ ಸಿಗುತ್ತದೆ. ಅದಕ್ಕೆ ಮೊದಲು ಕೊನೆಯ ಮಾತು ವಿದ್ಯಾರ್ಥಿಯದಲ್ಲ. ಆದರೆ 16ರೊಳಗಿನವರಿಗೆ ವೈದ್ಯರು ಗರ್ಭನಿರೋಧಕದ ಸಲಹೆ ಕೊಡುವುದನ್ನು ತಾಯಿಯೊಬ್ಬರು ಪ್ರಶ್ನಿಸಿದಾಗ, ಆಗ ಅದೇ ದೇಶದ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ 1985ರಲ್ಲಿ ವಯಸ್ಸನ್ನಲ್ಲ, ಮಗುವಿನ ಗ್ರಹಿಕೆಯನ್ನು ಮಾನದಂಡ ಮಾಡಿತು. ವೈದ್ಯರ ಕೋಣೆಗೆ ಸಲ್ಲುವ ಈ ವಿವೇಕ ತರಗತಿಗೆ ಸಲ್ಲದಿರುವುದಕ್ಕೆ ಗಟ್ಟಿಯಾದ ಕಾರಣವೇನೂ ಇಲ್ಲ.